ಜ್ವಾಪಾನ

ನೆಹರು ಗಂಜಿನ ಅಡತಿ ಅಂಗಡ್ಯಾಗ
ಮುನೀಮ ಗುಂಡೇರಾಯ ಹೊನಗುಂಟಿಕರ
ಮುಂಜಾನಿ ಖಿರ್ದಿ ತೆರೆಯೂಕಿಂತ ಮೊದಲ
ಅಮೆರಿಕಾ ತೆರೀತಾರ.
ಎರಡು ಪೇಪರು, ಒಂದು ಮೊಬೈಲು,
ಬಟನ್ ಒತ್ತಲಿಕ್ಕೆ ನಾನು.

"ಯಾರು ಮುಂದದಾರ ತಂಗಿ?"
"ಒಹಾಯೋದಾಗ ಆನಿ, ರೀ.
ಪೆನ್ಸಿಲ್ವೇನಿಯಾ ಇನ್ನಾ ತೂಕದಾಗ ಅದ."
ತೂಕ ಅಂದ್ರ ಅವರ ಕಿವಿ ನೆಟ್ಟಗಾಗ್ತಾವ,
ನಲವತ್ತು ವರ್ಷ ತಕ್ಕಡಿ ಬಾಜೂಕ ಕುಂತ ಕಿವಿ.
ಅಲ್ಲಿದು ನಿಮಗ್ಯಾಕ್ರಿ ಅಂತ ಯಾರರ ಕೇಳಿದ್ರ
"ಅಲ್ಲಿ ಕೆಮ್ಮಿದ್ರ ಇಲ್ಲಿ ತೊಗರಿ ಭಾವ ಇಳೀತದ" ಅಂತಾರ.
ಅದು ನೆವ. ಅವರಿಗೆ ಖರೇನ ಚಿಂತಿ ಅದ.

ಪೇಪರಿನ್ಯಾಗ ಬರೀತಾರ: ಸಂಪ್ರದಾಯವಾದಿ.
ಮುನೀಮರಿಗೆ ಆ ಶಬ್ದ ಸೇರಂಗಿಲ್ಲ.
"ಕನ್ಸರ್ವೇಟಿವ್ ಅಂದ್ರ ಜ್ವಾಪಾನದವ.
ಬಿತ್ತಲಿಕ್ಕ ಎತ್ತಿಟ್ಟ ಜೋಳ
ಸಂಜಿಕಿ ನುಚ್ಚಿಗೆ ಕುಟ್ಟದವ.
ಹೊಸಾ ಕಾಟಾ ಬಂತಂತ
ಹಳೇ ತೂಕದ ಕಲ್ಲು ಹೊಳ್ಯಾಗ ಒಗೀದವ."

ಕತ್ತೆ ಗುರುತಿನವ ಅವರಿಗೆ ಬ್ಯಾಡ.
"ಎಲ್ಲಾರ ಸಾಲಾ ಮನ್ನಾ ಅಂತಾನ. ಯಾರ ಗಂಟಿನಿಂದ?
ಮನ್ನಾ ಅನ್ನೂದು ಖಾತ್ಯಾಗ ಇಲ್ಲ ತಂಗಿ.
ಒಬ್ಬರ ಪುಟ ಬಿಟ್ಟು ಇನ್ನೊಬ್ಬರ ಪುಟಕ್ಕ ಹೋಗ್ತದ, ಅಷ್ಟ."
ಸರಕಾರ ಸಣ್ಣದಿರಬೇಕು, ಗಂಜಿನ ಚಹಾದ ಕಪ್ಪಿನಷ್ಟು.
ಮನಿ ಗಟ್ಟಿ ಇರಬೇಕು. ಉದ್ರಿ ಪುಟ ತೆಳ್ಳಗಿರಬೇಕು.
ಹಮಾಲ ಖಾಜಾಸಾಬ ಚೀಲ ಇಳಿಸಿ ನಕ್ಕ:
"ಸರಕಾರ ಸಣ್ಣದಾದ್ರ ನನ್ನ ರೇಷನ್ ಯಾರು ಕೊಡ್ತಾರ,
ಮುನೀಮ್ಸಾಬ್? ಆನಿ?"
ಮುನೀಮರು ಕನ್ನಡಕ ಒರೆಸಿದರು.
ಭಾಳ ಹೊತ್ತು ಒರೆಸಿದರು.

ಹಂಗಂತ ಆನಿಯವನೂ ಪಸಂದಿಲ್ಲ.
ಮಾತೆಲ್ಲಾ ಇವರವೇ: ಮನಿ, ದೇವರು, ದುಡಿಮಿ.
ಆಡೂ ಬಾಯಿ ಬ್ಯಾರೆ.
ಸೋತ್ರ ಒಪ್ಕೋತೀಯೇನು ಅಂತ ಡಿಬೇಟಿನ್ಯಾಗ ಕೇಳಿದ್ರ
"ನೋಡೂಣು" ಅಂದನಂತ.
ಅವತ್ತ ಮುನೀಮರು ಚಹಾ ಅರ್ಧಕ್ಕ ಬಿಟ್ಟರು.
"ತೂಕ ಆದ ಮ್ಯಾಲ ನೋಡೂದೇನದ?
ಸರಕು ನಮ್ಮದೇ, ಚಲೋ ಸರಕು.
ಚೀಲಕ್ಕ ತೂತು."

ಅವರು ಹೇಳದ ಒಂದು ಸಂಗತಿ ಖಾಜಾಸಾಬ ಹೇಳ್ಯಾನ.
ಮುನೀಮರ ಸಂಘಕ್ಕ ಹನ್ನೆರಡು ವರ್ಷ ಇವರೇ ಅಧ್ಯಕ್ಷರು.
ಎರಡು ವೋಟಿಗೆ ಸೋತರು,
ಚಿಂಚೋಳಿ ಕಡೀ ಹುಡುಗ ಶಿವಯೋಗಪ್ಪಗ.
ಮತ್ತೊಮ್ಮೆ ಎಣಿಸ್ರಿ ಅಂದ್ರು ಮಂದಿ. ಇವರು ಬ್ಯಾಡಂದ್ರು.
ಅದೇ ಸಂಜಿಕಿ, ದೀಪ ಹಚ್ಚೂ ಹೊತ್ತಿಗೆ,
ಕೀಲಿಕೈ, ಶಿಕ್ಕಾ,
ಶಿಲ್ಕು ಮುನ್ನೂರಾ ಹದಿನಾಲ್ಕು ರೂಪಾಯಿ
ಟವೆಲಿನ್ಯಾಗ ಕಟ್ಟಿ ಕೊಟ್ಟು,
ರಸೀದಿ ಇಸಕೊಂಡು
ಸೂಪರ್ ಮಾರ್ಕೆಟ್ ದಾಟಿ ನಡಕೋತ ಮನಿಗೆ ಹ್ವಾದರು.

ರಸೀದಿ ಇನ್ನಾ ಅದ, ಗಲ್ಲಾದ ತಳದಾಗ.
ನಿನ್ನಿ ರಬ್ಬರ್ ಹುಡುಕಲಿಕ್ಕೆ ಕೈ ಹಾಕಿದೆ.
ಅದರ ಕೆಳಗ, ಎಣ್ಣಿ ಹಚ್ಚಿದ ಕಾಗದದಾಗ,
ಸಂಘದ ಖೋಲಿದು
ಇನ್ನೊಂದು ಕೀಲಿಕೈ.
ಜಂಗಿನ ಒಂದು ಚುಕ್ಕಿ ಇಲ್ಲ.

ಮುನೀಮರು ನನ್ನ ಕೈ ನೋಡಿದರು.
ಹೊರಗ ಬಿಸಲು, ಬ್ಯಾಳಿ ಧೂಳು,
ಮೊಬೈಲಿನ್ಯಾಗ ಇನ್ನಾ ಎಣಸಲತ್ತಿದ್ರು.
"ಜ್ವಾಪಾನಕ್ಕ" ಅಂದರು, ಭಾಳ ಸಣ್ಣ ದನೀಲೆ.
ಆಮ್ಯಾಲ,
"ಹೊಸಬರು ಕಳಕೊಂಡ್ರ ಬೇಕಾಗ್ತದಂತ."

ಇದ್ದಲ್ಲೇ ಇಟ್ಟೆ. ಕಂಪ್ಯೂಟರ್ ಹಚ್ಚಿದೆ.
ಇವತ್ತ ಪೇಪರು ಮಡಚಿದ್ದು ಮಡಚಿದಂಗೇ ಅದ.
ಯಾರು ಮುಂದದಾರಂತ
ಅವರು ಕೇಳಲಿಲ್ಲ.