ಬಾಳಿಕೆ

ಇಳಿ, ಮುಕೆಂಬೊ. ಗಾಡಿಯನ್ನು ನಡುಸ್ಟ್ಯಾಂಡಿಗೆ ಏರಿಸು.
ಹಿಂದಿನ ಚಕ್ರ ನಿಧಾನಕ್ಕೆ ತಿರುಗಲಿ,
ಹೆಬ್ಬೆರಳಿಟ್ಟು ಓದುತ್ತೇನೆ.

ನಡುವೆಲ್ಲ ಚಪ್ಪಟೆ. ಅಂಚಿನಲ್ಲಿ ಮಾತ್ರ ಇನ್ನೂ
ಹೊಸ ರಬ್ಬರಿನ ಎಳೆಗೂದಲು.
ಅಂದರೆ ನೀನು ವಾಲಿದವನೇ ಅಲ್ಲ;
ಕಕೀರಾದ ಕಬ್ಬಿನ ಲಾರಿಗಳ ಬೆನ್ನಿಗೆ
ನೆಟ್ಟಗೆ ಹೋಗಿ ನೆಟ್ಟಗೆ ಬಂದವನು,
ಒಂದು ಸೀಟಿಗೆ ಮೂವರನ್ನು ಹೇರಿ,
ಮೇಲೊಂದು ಬಾಳೆಗೊನೆ.
ಭಾರಕ್ಕೆ ಹೆದರಿ ಗಾಳಿಯನ್ನೂ
ಕಲ್ಲಿನ ಹಾಗೆ ತುಂಬಿಸಿದ್ದೀಯ.

ಬದಿಯ ಈ ಸಣ್ಣ ಬಿರುಕುಗಳು
ಓಡಿ ಬಂದವಲ್ಲ.
ಕಂತು ತಪ್ಪಿ, ಫೈನಾನ್ಸಿನವರ ಅಂಗಳದಲ್ಲಿ
ಐದು ತಿಂಗಳು ಬಿಸಿಲುಂಡದ್ದು.
ಸುಮ್ಮನೆ ನಿಂತರೂ ಸವೆಯುತ್ತದೆ, ನೋಡು.

ಯಾವುದು ಹೆಚ್ಚು ದಿನ ಬರುತ್ತದೆ ಅಂತೀಯ.
ಜಿಂಜಾದಲ್ಲಿ ಎಲ್ಲರೂ ಅದನ್ನೇ ಕೇಳುವುದು.
ಯಾವುದು ಬಿಗಿಯಾಗಿ ಹಿಡಿಯುತ್ತದೆ
ಎಂದು ಕೇಳಿದವಳು ಒಬ್ಬಳೇ:
ಸೂಲಗಿತ್ತಿ ನಂಗೋಬಿ, ಅಪರಾತ್ರಿ ಓಡಾಡುವವಳು.

ಈ ಗಟ್ಟಿಯದು ಎರಡು ಮಳೆಗಾಲ ಕಂಡರೂ
ಉಗುರಿನಷ್ಟು ಕರಗದು. ನಿಜ.
ಆದರೆ ಮೊದಲ ಹನಿ ಬಿದ್ದು
ಟಾರಿನ ಮೇಲೆ ಎಣ್ಣೆ ತೇಲುವಾಗ
ಅದಕ್ಕೆ ನಿನ್ನ ಗುರುತೇ ಇರುವುದಿಲ್ಲ.
ಈ ಮೆತ್ತನೆಯದು ಏಳೆಂಟು ತಿಂಗಳ ಪ್ರಾಣಿ.
ಹಿಡಿದಷ್ಟೂ ಸವೆಯುತ್ತದೆ,
ಸವೆಯುತ್ತದೆ ಎಂದೇ ಹಿಡಿಯುತ್ತದೆ.
ಬಾಳಿಕೆ ಟೈರಿಗೆ ಬೇಕೋ, ನಿನಗೋ?

ಮಾರ್ಕೆಟ್ಟಿನ ಹಿಂದೆ ಅಗ್ಗಕ್ಕೆ ಸಿಗುತ್ತವೆ, ಗೊತ್ತು.
ಬೋಳು ಟೈರು, ಕಾದ ಬ್ಲೇಡು,
ಅಂಗೈಗೆ ಹೊಸ ರೇಖೆ ಬರೆದ ಹಾಗೆ
ಗೆರೆ ಕೊರೆದು, ಕಪ್ಪು ಬಳಿದು ಇಟ್ಟಿರುತ್ತಾರೆ.
ಅವರನ್ನು ಬೈಯಲಾರೆ. ನಾನೂ ಒಂದು ಮಾರಿದ್ದೆ.
ಅಲ್ಲಿ ಟ್ಯೂಬಿಗೆ ತೇಪೆ ಹಾಕುತ್ತಿದ್ದಾನಲ್ಲ ವೈಸ್ವಾ,
ಎಡಗಾಲು ಚಾಚಿಯೇ ಕೂರುವವನು,
ಅವನಿಗೆ.
ಏನೂ ಅನ್ನಲಿಲ್ಲ. ಆಸ್ಪತ್ರೆಯಿಂದ ಬಂದವನು
ಬೆಂಕಿಕಡ್ಡಿಯೊಂದನ್ನು ನನ್ನ ಮೇಜಿನ ಮೇಲಿಟ್ಟ:
'ಗೆರೆಯೊಳಗೆ ಇದರ ತಲೆ ಮುಳುಗಬೇಕು.
ಮುಳುಗದ್ದನ್ನು ಮಾರಬೇಡ.'
ಅಂದಿನಿಂದ ಕಡ್ಡಿ ಇಲ್ಲೇ ಇದೆ.
ಒಲೆ ಹಚ್ಚಲು ಬೇರೆ ಪೆಟ್ಟಿಗೆ.

ಹಾಗಾಗಿ ಕೇಳು. ಮುಂದಕ್ಕೆ ಮೆತ್ತನೆಯದು, ಹಿಂದಕ್ಕೆ ಗಟ್ಟಿ.
ಹಿಂದಿನದು ಜಾರಿದರೆ
ಬೈಯುವಷ್ಟಾದರೂ ಹೊತ್ತು ಸಿಗುತ್ತದೆ.
ಮುಂದಿನದು ಜಾರಿದರೆ ಅದೂ ಇಲ್ಲ.
ಕಡಿಮೆ ಬಿದ್ದ ಶಿಲ್ಲಿಂಗು ಶನಿವಾರ ಕೊಡು.
ಹಳೆಯದನ್ನು ಬಿಟ್ಟುಹೋಗು, ವೈಸ್ವಾ ಚಪ್ಪಲಿ ಕತ್ತರಿಸುತ್ತಾನೆ;
ನಿನ್ನ ಕಕೀರಾ ರಸ್ತೆ ಇನ್ನಾರದೋ ಪಾದದಡಿ
ಇನ್ನೂ ನಾಲ್ಕು ವರ್ಷ ನಡೆದೀತು.

ಇವತ್ತು ಮೆಲ್ಲಗೆ ಓಡಿಸು.
ಹೊಸ ರಬ್ಬರಿಗೆ ಅಚ್ಚಿನ ಜಿಡ್ಡು ಇರುತ್ತದೆ,
ನೂರು ಕಿಲೋಮೀಟರು ಸವೆದ ಮೇಲೆಯೇ
ಮಾತು ಕೇಳುವುದು.
ಆಮೇಲೊಂದು ದಿನ, ಹಿಂದೆ ಯಾರೂ ಇಲ್ಲದಾಗ,
ರಸ್ತೆ ಒಣಗಿದ್ದಾಗ,
ನದಿಯ ಕಡೆ ಇಳಿಯುವ ಆ ತಿರುವಿನಲ್ಲಿ
ಸ್ವಲ್ಪ ವಾಲು, ಮುಕೆಂಬೊ.
ಅಂಚಿಗೂ ಸೇರಿಸಿಯೇ
ಕೊಟ್ಟಿದ್ದೀಯ ದುಡ್ಡು.