ಒಂದು ಚೌಕ ಕಡಿಮೆ

ಇಳಕಲ್ಲಿನ ಆ ಓಣಿಯಲ್ಲಿ ಅದು ಹನ್ನೊಂದನೆಯ ಮನೆ.
ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು ಬನಶಂಕ್ರೆವ್ವ.
ಲಾಳಿ ನಿಲ್ಲಿಸಲಿಲ್ಲ. "ಕೇಳ್ರಿ, ಕಿವಿ ಖಾಲಿ ಅದಾವ" ಅಂದಳು.

ಕೇಳಿದೆ, ತರಬೇತಿಯಲ್ಲಿ ಕಲಿಸಿದಂತೆ, ಒಂದಕ್ಷರ ಬಿಡದೆ:
ಗ್ರಾನೈಟ್ ಕೊಯ್ಯುವ ಸಾವಿರ ಜನರಲ್ಲಿ
ವರ್ಷಕ್ಕೆ ಐವರು ಧೂಳಿನಿಂದ ಸಾಯುತ್ತಾರೆ ಎಂದುಕೊಳ್ಳಿ.
ನೀರು ಚಿಮುಕಿಸುವ ಯಂತ್ರ ಕೂಡಿಸಿದರೆ ಐದು ಮೂರಾಗುತ್ತದೆ.
ಅದಕ್ಕೆ ನಿಮ್ಮ ಮನೆಯಿಂದ ತಿಂಗಳಿಗೆ ಎಷ್ಟು ಕೊಡಬಲ್ಲಿರಿ?
ಕಾರ್ಡು ಮುಂದೆ ಹಿಡಿದೆ. ಸಾವಿರ ಚೌಕ, ಅದರಲ್ಲಿ ಐದು ಕಪ್ಪು.

ಲಾಳಿ ನಿಂತಿತು.
ಕಾರ್ಡನ್ನು ಕೈಯಳತೆ ದೂರ ಹಿಡಿದಳು, ಅಡ್ಡ ತಿರುವಿದಳು.
"ಯಾವ ದಡಿ ಗ್ರಾಫ್ ರಿ ಇದು? ಚಿಕ್ಕಿಪರಾಸ ಅಲ್ಲ, ಗೋಮಿನೂ ಅಲ್ಲ.
ಕಪ್ಪ ಹಿಂಗ ದಿಕ್ಕಾಪಾಲ ಒಗದ್ರ ಆ ಸೀರಿ ಯಾರು ಉಡ್ತಾರ?"

ನಕ್ಕೆ. ಆಕೆ ನಗಲಿಲ್ಲ.
"ಐದರಾಗ ಎರಡು ಅಳಸ್ತೀರಿ. ಯಾವ ಎರಡು?"
ಯಾವುದೂ ಅಂತಿಲ್ಲವ್ವ, ಅದು ಸರಾಸರಿ.
"ಸರಾಸರಿ ಅಂದ್ರ ನಮ್ಮ ಓಣ್ಯಾಗ ಯಾರ ಮನಿ?"

ಒಳಗೆ ಯಾರೋ ಕೆಮ್ಮಿ, ತಪ್ಪಾಯಿತೆಂಬಂತೆ ಸುಮ್ಮನಾದರು.
ವಿರೂಪಾಕ್ಷಿ. ಮಗ್ಗ ಬಿಟ್ಟು ಕಲ್ಲಿಗೆ ಹೋದವನು,
ಕಲ್ಲಿನಲ್ಲಿ ಕೂಲಿ ಜಾಸ್ತಿ.
(ನಮ್ಮ ಪುಸ್ತಕದಲ್ಲಿ ಅದಕ್ಕೂ ಒಂದು ಹೆಸರಿದೆ:
ಗಂಡಾಂತರಕ್ಕೆ ಒಪ್ಪಿ ಪಡೆದ ಹೆಚ್ಚುವರಿ.)

"ಧೂಳ ಎಬ್ಬಸಾವ್ರು ಮಾಲಕ್ರು. ತೊಳಿಯೂ ರೊಕ್ಕ ನಮ್ಮ ಮಗ್ಗದಾಗಿಂದು?
ಸೊನ್ನಿ ಬರಕೋರಿ."

ಸೊನ್ನೆಯಲ್ಲೂ ಎರಡು ಜಾತಿ.
ಕೊಡಲಾರೆ ಎಂಬ ಸೊನ್ನೆ ಲೆಕ್ಕಕ್ಕೆ ಸೇರುತ್ತದೆ.
ಕೊಡಲೊಲ್ಲೆ ಎಂಬುದಕ್ಕೆ ಸಂಕೇತ ಒಂಬತ್ತು: ಪ್ರತಿಭಟನೆ, ಕೈಬಿಡಿ.
ಒಂಬತ್ತು ಬರೆದೆ. ಪೆನ್ನಿನಲ್ಲಿ.

ಏಳುವಾಗ ಗೂಟದ ಮೇಲಿನ ಸೀರೆ ಕಂಡಿತು,
ದಾಳಿಂಬೆ ಬಣ್ಣ, ಟೋಪಿತೆನೆ ಸೆರಗು.
ಮೂರು ಸಾವಿರದ ಇನ್ನೂರು ಅಂದಳು.
ಕೊಸರಾಡಿದೆ, ಅಭ್ಯಾಸ. ಇನ್ನೂರು ಉಳಿಯಿತು.

ಸಂಜೆ ಚಹಾದಂಗಡಿಗೆ ಹುಡುಕಿಕೊಂಡು ಬಂದಳು, ಕೈಯಲ್ಲಿ ಕಾರ್ಡು.
"ಮರತು ಬಂದಿದ್ರಿ. ಮತ್ತ... ನಲವತ್ತು ಬರಕೋರಿ ತಿಂಗಳಿಗೆ.
ಒಂದು ಸೀರಿಗೆ ಕೊಂಡಿ ಹಾಕಿಕೊಟ್ರ ಬರ್ತೈತಿ ಅಷ್ಟು.
ಆ ಎರಡು ಚೌಕದಾಗ ಯಾರರೆ ಇರ್ಲಿ."
ಫಾರ್ಮುಗಳ ಕಟ್ಟು ಹೊತ್ತ ಜೀಪು ಆಗಲೇ ಹುನಗುಂದ ದಾಟಿತ್ತು.
ಬರೆದುಕೊಂಡೆ ಅಂದೆ.

"ಇನ್ನೊಂದು. ಎಣಸೇನಿ ನಾ.
ಒಂದು ಚೌಕ ಕಮ್ಮಿ ಐತ್ರಿ ನಿಮ್ಮ ಕಾರ್ಡಿನ್ಯಾಗ."

ವರದಿ ಬಂದಿದೆ. ಮನೆಗೆ ಸರಾಸರಿ ನೂರಾ ಹನ್ನೆರಡು ರೂಪಾಯಿ.
ಹನ್ನೆರಡು ತಿಂಗಳಿಗೆ ಗುಣಿಸಿ, ಸಾವಿರಕ್ಕೆ ಎರಡರಂತೆ ಭಾಗಿಸಿದರೆ
ಒಂದು ಜೀವ ಆರು ಲಕ್ಷದ ಎಪ್ಪತ್ತೆರಡು ಸಾವಿರ.
ಅಡಿಟಿಪ್ಪಣಿ: ಪ್ರತಿಭಟನಾ ಉತ್ತರ ಮೂವತ್ತೊಂದು, ಕೈಬಿಡಲಾಗಿದೆ.

ರಾತ್ರಿ ಆ ಸೀರೆಯುಟ್ಟೇ ಕೂತು
ಸೂಜಿಯ ತುದಿಯಿಂದ ಚೌಕ ಎಣಿಸುತ್ತೇನೆ.
ಏಳುನೂರು ದಾಟಿದ ಮೇಲೆ ತಪ್ಪುತ್ತದೆ.
ಮತ್ತೆ ಒಂದರಿಂದ.