ಅಲಿಯಾಸ್

ಪಿಎಫ್ ಆಫೀಸಿನ ಗಾಜಿನಾಚೆ ಕೂತ ಹುಡುಗ
ಕಂಪ್ಯೂಟರಿನಿಂದ ಕಣ್ಣು ಕೀಳದೆ ಹೇಳಿದ:
"ಹುಲಿಗೆಮ್ಮ, ತಂದೆ ಯಂಕಪ್ಪ, ನೂಲಿನ ಮಿಲ್ಲು, ನಾಲ್ಕು ವರ್ಷ.
ಶಾರದ, ಗಂಡ ಹನುಮೇಶಿ, ಜೀನ್ಸ್ ಕಾರ್ಖಾನಿ, ಆರೂವರೆ ವರ್ಷ.
ಇಬ್ಬರಿಗೂ ಪೆನ್ಶನ್ ಬರಂಗಿಲ್ಲಮ್ಮ, ಹತ್ತು ತುಂಬಿಲ್ಲ.
ಇದರಾಗ ನೀವು ಯಾರು?"

ಬಳ್ಳಾರಿಯ ಮೇ ತಿಂಗಳು. ನೆತ್ತಿಯ ಮೇಲೆ ಫ್ಯಾನು
ಬಿಸಿಗಾಳಿಯನ್ನೇ ಕಲಸಿ ಕಲಸಿ ಬಡಿಸುತ್ತಿತ್ತು.
ನೀನು ಯಾರು ಅಂತ ಇಷ್ಟು ದಿನ ಕೇಳಿದವರು
ಮಠದ ಅಜ್ಜಾರು ಒಬ್ಬರೇ,
ಅದೂ ಪುರಾಣ ಹೇಳುವಾಗ, ಎಲ್ಲರನ್ನೂ ಸೇರಿಸಿ.

ಹೆಸರು ಕಳೆದದ್ದು ಹೀಗೆ:
ನನ್ನ ಅತ್ತೆಯೂ ಹುಲಿಗೆಮ್ಮ.
ಒಂದೇ ಒಲೆಯ ಮುಂದೆ ಇಬ್ಬರು ಹುಲಿಗೆಮ್ಮ ಕೂತರೆ
ಮಗ ಯಾರನ್ನು ಬೈದ ಅಂತ ಓಣಿಗೆ ತಿಳಿಯುವುದು ಹೇಗೆ?
ಅರಿಶಿನ ಆರುವ ಮೊದಲೇ ನಾದಿನಿ
ತನ್ನ ಶಾಲೆಯ ಟೀಚರಮ್ಮನ ಹೆಸರು ತಂದು ನನಗೆ ತೊಡಿಸಿದಳು.
ಹೊಸ ರವಿಕೆಯ ಹಾಗೆ ಕಂಕುಳಲ್ಲಿ ಸ್ವಲ್ಪ ಬಿಗಿ,
ಆಮೇಲೆ ಸಡಿಲವಾಯಿತು, ಆಮೇಲೆ ಮೈಯೇ ಆಯಿತು.
ರೇಷನ್ ಕಾರ್ಡಿಗೆ ಅದೇ, ವೋಟಿಗೆ ಅದೇ,
ಮಕ್ಕಳ ಶಾಲೆಯಲ್ಲಿ ತಾಯಿಯ ಹೆಸರು ಅದೇ.

ನಾಲ್ಕು ವರ್ಷದವಳು ಮಾತ್ರ
ಮುಚ್ಚಿದ ಮಿಲ್ಲಿನ ಯಾವುದೋ ಕಡತದಲ್ಲಿ
ಪಾಳಿ ಮುಗಿಯದೆ ನಿಂತೇ ಇದ್ದಾಳೆ,
ತಲೆಗೂದಲ ತುಂಬ ಹತ್ತಿಯ ದೂಳು.
ಸಂಬಳದಲ್ಲಿ ಹಿಡಿದ ದುಡ್ಡು ಅವಳದೇ. ನನಗೆ ನೆನಪಿದೆ,
ಮೊದಲ ಸಲ ಹಿಡಿದಾಗ ಅಪ್ಪ
ಮೇಸ್ತ್ರಿಯ ಕೊರಳಪಟ್ಟಿಗೆ ಕೈ ಹಾಕಿದ್ದ.

"ಇಬ್ಬರೂ ಒಬ್ಬಾಕೀನ ಅಂತ ಅಫಿಡವಿಟ್ಟು ತರ್ರಿ," ಅಂದ ಹುಡುಗ,
"ಮದುವಿಗಿಂತ ಮೊದಲಿಂದ ಬಲ್ಲ ಸಾಕ್ಷಿ ಇರಬೇಕು."

ಯಾರಿದ್ದಾರೆ? ಅಪ್ಪ ಇಲ್ಲ. ಅಣ್ಣ ಮಾತಾಡಿಸುವುದಿಲ್ಲ.
ಮಿಲ್ಲಿನ ಜಾಗದಲ್ಲಿ ಈಗ ಕಲ್ಯಾಣ ಮಂಟಪ,
ದಿನಕ್ಕೊಬ್ಬಳು ಅಲ್ಲಿ ಹೆಸರು ಬಿಟ್ಟು ಹೋಗುತ್ತಾಳೆ.

ಕೌಲ್ ಬಜಾರಿನಲ್ಲಿ ಮಾಬುನ್ನಿ ಮಿರ್ಚಿ ಕರಿಯುತ್ತಾಳೆ ಅಂತ
ಯಾರೋ ಅಂದಿದ್ದರು. ಹುಡುಕುತ್ತ ನಡೆದೆ.
ಜೀನ್ಸ್ ತೊಳೆದ ನೀಲಿ ನೀರು
ಚರಂಡಿಯಲ್ಲಿ ನನ್ನ ಜೊತೆಗೇ ಬಂತು.
ಅವಳನ್ನು ನಾನು ಗುರುತಿಸಲಿಲ್ಲ, ದಾಟಿ ಹೋಗಿದ್ದೆ.
ಹಿಂದಿನಿಂದ, ಕಾದ ಎಣ್ಣೆಯ ಸದ್ದಿನ ಮೇಲೆ:
"ಏ ಹುಲಿಗೀ!"
ನಾನು ತಿರುಗುವ ಮೊದಲೇ ಕತ್ತು ತಿರುಗಿತ್ತು.

ಅದು ಸಾಕ್ಷಿ. ಫಾರಮ್ಮಿನಲ್ಲಿ ಅದಕ್ಕೆ ಕಾಲಮ್ಮಿಲ್ಲ.
ಮಾಬುನ್ನಿ ಒಲೆ ಆರಿಸಿ, ಕೈ ಒರೆಸಿಕೊಂಡು ಬಂದಳು;
ಹೆಬ್ಬೆಟ್ಟಿನ ಗೆರೆಯಲ್ಲಿ ಕಡಲೆಹಿಟ್ಟು ಉಳಿದು
ನೋಟರಿಯ ಹತ್ತಿರ ಬೈಸಿಕೊಂಡಳು.

ನಮ್ಮ ಯಜಮಾನರೂ ಓದಿ ಹೇಳಬೇಕಿತ್ತು.
"ನನ್ನ ಹೆಂಡತಿಯಾದ ಹು..."
ಅಲ್ಲಿಗೇ ನಿಂತರು. ಅವ್ವನ ಹೆಸರು.
ಯಾರು ಕರೆಯಲಿ ಅಂತ ನನ್ನ ಹೆಸರು ಬದಲಿಸಿದರೋ
ಅವರು ಮೂವತ್ತಾರು ವರ್ಷದಲ್ಲಿ ಶಾರದ ಎಂದೂ ಕರೆದಿಲ್ಲ,
"ಏನ", "ಇಲ್ಲಿ ಕೇಳು", ಇಷ್ಟರಲ್ಲೇ ಸಂಸಾರ ಮುಗಿಸಿದರು.
ನೀರು ಕುಡಿದು, ಉಳಿದ ಎರಡಕ್ಷರವನ್ನು
ನೆಲ ನೋಡಿಕೊಂಡು ನೆಲಕ್ಕೇ ಹೇಳಿದರು.

ಟೈಪಿನವ ಹಾಳೆ ತಿರುಗಿಸಿ ತೋರಿಸಿದ:
ಶಾರದ @ ಹುಲಿಗೆಮ್ಮ.
ನಡುವೆ ಇದೇನು ಅಂದೆ. "ಅಲಿಯಾಸ್."
ಮಾಬುನ್ನಿ ಬಗ್ಗಿ ನೋಡಿದಳು:
"ಕಂಡಿಕಿ ಐತೆ ಬಿಡು. ನೂಲು ಇನ್ನೂ ಸುತ್ತಾಕ ಹತ್ತೇತಿ."

ಅರ್ಜಿ ಒಳಗೆ ಹೋಗಿ ಮೂರು ತಿಂಗಳಾಯಿತು.
ಬಂದರೆ ಸಾವಿರ ಅಂತೆ, ಮೇಲೆ ಚಿಲ್ಲರೆ.
ಅದರಲ್ಲಿ ಮುನ್ನೂರ ಎಂಬತ್ತು ಅವಳ ಪಾಲು,
ಮಗಳ ಮೊಬೈಲಿನಲ್ಲಿ ಲೆಕ್ಕ ಹಾಕಿಸಿ ಇಟ್ಟಿದ್ದೇನೆ.
ಅವಳಿಗೆ ಮಿರ್ಚಿ ಅಂದರೆ ಪ್ರಾಣ.
ನನಗೆ ಎದೆಯುರಿ.